ತೋಡಿನ ಬರಿ, ಸಂಕದ ಬರಿ

ಅವಳು ಚೆನ್ನಾಗಿದ್ದ ಕೊನೆಯ ದಿನ ಒಂದು ಸೋಮವಾರ. ಹಿಂದಿನ ದಿನ ಜಿಂಕೆ ನೋಡಲು ಬಂದಿದ್ದ ಜನ ಬೇಲಿಯ ಬುಡದಲ್ಲಿ ಎಸೆದು ಹೋದ ಕಡಲೆಯ ಪೊಟ್ಟಣಗಳನ್ನು ನಾನು ಹೆಕ್ಕುತ್ತಿದ್ದೆ. ಕಾಗದ ತಿಂದರೆ ಜಿಂಕೆಗಳ ಹೊಟ್ಟೆ ಕೆಡುತ್ತದೆ, ಹಾಗಾಗಿ ಸೋಮವಾರ ಬೆಳಿಗ್ಗೆ ಅದೇ ಮೊದಲ ಕೆಲಸ. ನನ್ನ ಹೆಂಡತಿ ಹಲಸಿನ ಗೆಲ್ಲುಗಳನ್ನು ಕಡಿದು ಹೆಡಿಗೆಯಲ್ಲಿ ತಂದು ಬೇಲಿಯೊಳಗೆ ಎಸೆದಳು. ಜಿಂಕೆಗಳು ಬಂದು ಎಲೆಗೆ ಬಾಯಿ ಹಾಕಿದವು. ಅವಳು ಕತ್ತಿ ಹಿಡಿದುಕೊಂಡೇ ಅವುಗಳನ್ನು ನೋಡುತ್ತ ನಿಂತಳು.

"ಬಾವ, ಮೂರನ್ನು ಆಯ್ದು ಇಟ್ಟಿದ್ದೇನೆ" ಎಂದಳು. "ಹೊಸ ಗಂಡು ಬಂದ ಕೂಡಲೇ ಆ ಮೂರನ್ನು ಸಣ್ಣ ಬೇಲಿಗೆ ದಾಟಿಸುದು. ಒಂದು ತೋಡಿನ ಬರಿ, ಒಂದು ಸಂಕದ ಬರಿ, ಒಂದು ಗುಡ್ಡೆಯ ಬರಿ."

"ಯಾವ ಮೂರು?"

"ಅಗೋ, ನೀರಿನ ತೊಟ್ಟಿ ಹತ್ತಿರ ಉಂಟಲ್ಲ, ಅದು. ಮತ್ತೆ ಅದರ ಹಿಂದಿನದ್ದು." ಅವಳು ಗದ್ದ ಎತ್ತಿ ತೋರಿಸುವಷ್ಟರಲ್ಲಿ ದಾರಿಯಲ್ಲಿ ಯಾರದೋ ನಾಯಿ ಬೊಗಳಿತು. ಜಿಂಕೆಗಳೆಲ್ಲ ಒಟ್ಟಿಗೆ ಹಾರಿ ಗೋಳಿಮರದ ಆಚೆ ಸೇರಿಕೊಂಡವು. ಅವಳು ನಕ್ಕಳು. "ನಾಳೆ ತೋರಿಸ್ತೇನೆ. ಗಂಡು ಬರ್ಲಿಕ್ಕೆ ಇನ್ನೂ ಒಂದು ದಿನ ಉಂಟಲ್ಲ."

ನಾನು ಪೊಟ್ಟಣಗಳನ್ನು ಗುಡ್ಡೆ ಹಾಕಿ ಬೆಂಕಿ ಕೊಟ್ಟೆ. ಮಧ್ಯಾಹ್ನ ಗಂಜಿ, ಒಣಮೀನಿನ ಚಟ್ನಿ. ಸಂಜೆ ಸಣ್ಣ ಬೇಲಿಯ ಬಾಗಿಲಿಗೆ ಹೊಸ ಅಗುಳಿ ಹಾಕಿದೆವು. ಆ ದಿನದ ಬಗ್ಗೆ ಹೇಳಲು ಇಷ್ಟೇ ಇರುವುದು.

ನಾನು ಎಂಟನೆಯ ಕ್ಲಾಸಿನವರೆಗೆ ಓದಿದವನು. ಪುತ್ತೂರು ಕಡೆಯ ಸವಣೂರಿನ ಹತ್ತಿರ ಒಬ್ಬ ದೊಡ್ಡ ಜಮೀನುದಾರರ ಜಿಂಕೆಗಳನ್ನು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು. ಧಣಿಗಳು ಒಮ್ಮೆ ಮೈಸೂರಿಗೆ ಹೋಗಿ ಪ್ರಾಣಿಗಳನ್ನು ನೋಡಿ ಬಂದವರು, ತಮ್ಮ ಗುಡ್ಡೆಯಲ್ಲೂ ಹಾಗೊಂದು ಇರಬೇಕು ಎಂದು ಬೇಲಿ ಕಟ್ಟಿಸಿದರು. ಮೊದಲು ಒಂದು ಮುಳ್ಳುಹಂದಿ, ಎರಡು ಮೊಲ ಎಲ್ಲ ಇದ್ದವು. ಅವು ಉಳಿಯಲಿಲ್ಲ. ಚುಕ್ಕೆ ಜಿಂಕೆಗಳು ಉಳಿದವು. ಜನ ಅದನ್ನು ಝೂ ಎಂದೇ ಕರೆಯುತ್ತಿದ್ದರು. ಪುತ್ತೂರಿನಿಂದ ಶಾಲೆಯ ಮಕ್ಕಳನ್ನು ಕರೆದುಕೊಂಡು ಮಾಸ್ತರರು ಬರುತ್ತಿದ್ದರು. ಆಮೇಲೆ ಹೊಳೆಯ ಆಚೆ, ಕಡಬದಲ್ಲಿ, ಧಣಿಗಳ ಸಂಬಂಧಿಕರೊಬ್ಬರು ಇದನ್ನು ನೋಡಿ, ನಮ್ಮ ಜಿಂಕೆಗಳಲ್ಲೇ ಕೆಲವನ್ನು ಒಯ್ದು ತಾವೂ ಒಂದು ಮಾಡಿದರು. ಇದೆಲ್ಲ ಐವತ್ತರ ದಶಕದಲ್ಲಿ. ಆಗ ಜಿಂಕೆ ಸಾಕಬಾರದು ಎಂದು ನಮಗೆ ಯಾರೂ ಹೇಳಿದ್ದಿಲ್ಲ.

ಅವಳು ನನ್ನ ಸೋದರಮಾವನ ಮಗಳು. ಚಿಕ್ಕಂದಿನಿಂದ ನನ್ನನ್ನು ಬಾವ ಎಂದು ಕರೆದವಳು ಮದುವೆಯಾದ ಮೇಲೂ ಅದನ್ನು ಬಿಡಲಿಲ್ಲ. ಮದುವೆಯ ಮಾತು ಯಾರೂ ಎತ್ತಿದ ನೆನಪು ನನಗಿಲ್ಲ. ಮಾವನಿಗೆ ಮಗಳಿದ್ದಾಳೆ, ಅತ್ತೆಗೆ ಮಗನಿದ್ದಾನೆ, ಮತ್ತೆ ಮಾತಾಡಲು ಏನಿದೆ ಎಂಬ ಕಾಲ ಅದು. ನಮ್ಮಲ್ಲಿ ಕುಲ ಬರುವುದು ತಾಯಿಯ ಕಡೆಯಿಂದ. ಅದಕ್ಕೆ ಬರಿ ಎನ್ನುತ್ತೇವೆ. ಒಂದೇ ಬರಿಯವರು ಅಣ್ಣ ತಂಗಿಯರ ಹಾಗೆ, ಮದುವೆ ಕೂಡದು. ಮಾವನ ಮಕ್ಕಳದ್ದು ಅವರ ತಾಯಿಯ ಬರಿ. ಹಾಗಾಗಿ ಅವಳದ್ದು ಬೇರೆ ಬರಿ, ನನ್ನದು ಬೇರೆ.

ಜಿಂಕೆಗಳಿಗೂ ಅವಳು ಬರಿ ಇಟ್ಟಳು. ಮೊದಲು ಬಂದ ಮೂರು ಹೆಣ್ಣುಗಳಲ್ಲಿ ಒಂದು ನೀರು ಹರಿಯುವ ತೋಡಿನ ಬದಿಯಲ್ಲಿ ಸಿಕ್ಕಿದ್ದು, ಒಂದು ಅದನ್ನು ದಾಟುವ ಅಡಿಕೆಮರದ ಕಾಲುಸಂಕದ ಹತ್ತಿರ, ಇನ್ನೊಂದು ಗುಡ್ಡೆಯ ಮೇಲೆ. ಅವುಗಳ ಹೆಣ್ಣು ಮಕ್ಕಳು, ಮಕ್ಕಳ ಮಕ್ಕಳು ಎಲ್ಲ ಆಯಾ ಬರಿಯವು. ಇದು ತಮಾಷೆಗೆ ಶುರುವಾದದ್ದು. ಆದರೆ ಮಂದೆ ದೊಡ್ಡದಾದ ಮೇಲೆ ಅದು ನಿಜವಾಗಿಯೂ ಉಪಯೋಗಕ್ಕೆ ಬಂತು. ಯಾವ ಗಂಡನ್ನು ಯಾವ ಹೆಣ್ಣಿನ ಜೊತೆ ಬಿಡಬಹುದು, ಯಾವುದನ್ನು ಕಡಬಕ್ಕೆ ಕಳಿಸಬೇಕು ಎಂದು ಧಣಿಗಳು ಕೇಳಿದರೆ ನಾನು ಅವಳನ್ನು ಕೇಳುತ್ತಿದ್ದೆ.

ನನಗೆ ಹೆಣ್ಣು ಜಿಂಕೆಗಳೆಲ್ಲ ಒಂದೇ ಥರ ಕಾಣುತ್ತಿದ್ದವು. ಕಿವಿ ಹರಿದದ್ದೋ, ಕಾಲು ಕುಂಟುವುದೋ ಇದ್ದರೆ ಮಾತ್ರ ಗುರುತು. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. "ಮುಖ ನೋಡಿದ್ರೆ ಗೊತ್ತಾಗುದಿಲ್ವಾ ಬಾವ? ತಾಯಿದೇ ಮುಖ" ಎನ್ನುತ್ತಿದ್ದಳು. ಬರೆದಿಡುವ ಯೋಚನೆ ಇಬ್ಬರಿಗೂ ಬರಲಿಲ್ಲ. ಮನೆಯ ಸಂಬಂಧಗಳನ್ನು ಯಾರು ಬರೆದಿಡುತ್ತಾರೆ?

ಕಡಬಕ್ಕೂ ನಮಗೂ ನಡುವೆ ಕುಮಾರಧಾರೆ. ಒಂದು ಗಂಡನ್ನು ಅಲ್ಲಿಗೆ ಕಳಿಸುವಾಗ ಅದರ ಕೊಂಬು ಉದುರುವವರೆಗೆ ಕಾಯುತ್ತಿದ್ದೆವು. ಕೊಂಬು ಇರುವಾಗ ಪೆಟ್ಟಿಗೆಗೆ ತುಂಬಿದರೆ ಹೆದರಿಕೆಯಲ್ಲಿ ಹಲಗೆಗೆ ಹೊಡೆದುಕೊಂಡು ಸಾಯುತ್ತದೆ. ಕೊಂಬು ಬಿದ್ದ ಮೇಲೆ, ಹೊಸದು ಮೊಳೆಯುವ ಮೊದಲು, ಮುಖಕ್ಕೆ ಗೋಣಿ ಮುಚ್ಚಿ, ಬೆಳಕು ಹರಿಯುವ ಹೊತ್ತಿಗೆ ಗಾಡಿಯಲ್ಲಿ ಕಡವಿನವರೆಗೆ ಒಯ್ದು, ಎರಡು ದೋಣಿ ಜೋಡಿಸಿ ಕಟ್ಟಿದ ಜಂಗಲಿನಲ್ಲಿ ದಾಟಿಸುತ್ತಿದ್ದೆವು. ಅವಳು ಪೆಟ್ಟಿಗೆಗೆ ಒಂದು ಮಲ್ಲಿಗೆಯ ಚೆಂಡು ಸಿಕ್ಕಿಸುತ್ತಿದ್ದಳು. ದೋಣಿಯವನು ಪ್ರತಿ ಸಲ ಒಂದೇ ಮಾತು ಹೇಳುತ್ತಿದ್ದ: "ದಿಬ್ಬಣ ಹೊರಟಿತಾ? ನನಗೆ ಊಟ ಎಲ್ಲಿ?"

ಹೀಗೆ ನಮ್ಮ ತೋಡಿನ ಬರಿಯ ಒಂದು ಗಂಡು ಕಡಬಕ್ಕೆ ಹೋಯಿತು. ಅಲ್ಲಿ ಅದಕ್ಕೆ ಹುಟ್ಟಿದ ಹೆಣ್ಣು ಮರಿ ದೊಡ್ಡದಾದ ಮೇಲೆ ಅದನ್ನು ಇಲ್ಲಿಗೆ ತಂದೆವು. ಇಲ್ಲಿದ್ದ ತೋಡಿನ ಬರಿಯ ಇನ್ನೊಂದು ಗಂಡಿಗೆ ಅದು ಸೋದರಮಾವನ ಮಗಳು. ಬರಿ ಬೇರೆ, ಸಂಬಂಧ ಹತ್ತಿರದ್ದು. ಇದಕ್ಕಿಂತ ಒಳ್ಳೆಯ ಜೋಡಿ ಎಲ್ಲಿ ಸಿಗುತ್ತದೆ? ಧಣಿಗಳಿಗೂ ಇದು ಸರಿ ಎಂದೇ ಕಂಡಿತು. ಅವರ ಮನೆಯ ಮದುವೆಗಳೂ ಹಾಗೇ ಆದದ್ದು. ಮುಂದಿನ ತಲೆಮಾರಿನಲ್ಲೂ ಹಾಗೇ ಮಾಡಿದೆವು, ಅದರ ಮುಂದಿನದರಲ್ಲೂ. ಹೊಳೆಯ ಆಚೆಯಿಂದ ಈಚೆಗೆ ಮಾವನ ಮಗಳು, ಈಚೆಯಿಂದ ಆಚೆಗೆ ಅತ್ತೆಯ ಮಗ.

ಆಮೇಲೆ ಮರಿಗಳು ಸಾಯತೊಡಗಿದವು. ಹುಟ್ಟುವಾಗಲೇ ಸಣ್ಣದು, ಎದ್ದು ನಿಲ್ಲಲು ಹೊತ್ತು ಹಿಡಿಯುತ್ತಿತ್ತು, ಮೊಲೆ ಹುಡುಕಲು ಶಕ್ತಿ ಇಲ್ಲ. ಕೆಲವು ಒಂದೆರಡು ವಾರ ಇದ್ದು ಹೋದವು. ಕಡಬದಲ್ಲೂ ಅದೇ ಕತೆ. ಹುಳದ ಔಷಧಿ ಕೊಟ್ಟೆವು, ಉಪ್ಪು ಕೊಟ್ಟೆವು, ತೌಡು ಹೆಚ್ಚು ಮಾಡಿದೆವು. ಧಣಿಗಳು ಪುತ್ತೂರಿನಿಂದ ದನದ ಡಾಕ್ಟರನ್ನು ಕರೆಸಿದರು.

ಡಾಕ್ಟರು ಸತ್ತ ಮರಿಯೊಂದನ್ನು ತಿರುಗಿಸಿ ನೋಡಿ ಕೇಳಿದರು, "ಇದರ ಅಪ್ಪ ಯಾವುದು?"

ನಾನು ಅವಳ ಮುಖ ನೋಡಿದೆ. ಅವಳು ಹೇಳಿದಳು, "ಇದು ಸಂಕದ ಬರಿ. ಇದರ ತಾಯಿ ಅದು, ಅದರ ತಾಯಿ ಕಳೆದ ವರ್ಷ ಸತ್ತದ್ದು."

"ತಾಯಿ ಸರಿಯಮ್ಮ. ಅಪ್ಪ ಯಾರು?"

"ಅಪ್ಪ ಎಂತಕ್ಕೆ ಡಾಕ್ಟ್ರೇ? ಬರಿ ತಾಯಿದಲ್ವಾ?"

ಡಾಕ್ಟರು ನಗಲಿಲ್ಲ. "ರಕ್ತ ಎರಡು ಕಡೆಯಿಂದ ಬರ್ತದೆ" ಎಂದರು. "ಹೊರಗಿಂದ ಒಂದು ಗಂಡು ತನ್ನಿ. ಎಲ್ಲಿಂದಾದರೂ ಆಗಬಹುದು, ಈ ಎರಡು ಬೇಲಿಯದ್ದು ಬೇಡ." ಕೈ ತೊಳೆದು, ಚಾ ಕುಡಿದು ಹೋದರು.

ಅವಳು ಆ ಮಾತನ್ನು ಬಿಡಲಿಲ್ಲ. ಒಂದು ಸಂಜೆ, ಮಳೆಗಾಲದ ಆಟಿ ತಿಂಗಳಲ್ಲಿ ಮಾತ್ರ ಆಡುವ ಚೆನ್ನೆಮಣೆಯನ್ನು ಅಟ್ಟದಿಂದ ಇಳಿಸಿ ಜಗಲಿಯಲ್ಲಿ ಇಟ್ಟುಕೊಂಡು ಕೂತಿದ್ದಳು. "ಆಟಿ ತಿಂಗಳು ಬರಲಿಲ್ಲ, ಈಗ ಎಂತ ಚೆನ್ನೆ?" ಎಂದು ಕೇಳಿದೆ. ಮಣೆಯ ಒಂದು ಸಾಲಿನ ಗುಳಿಗಳು ಸವಣೂರು, ಇನ್ನೊಂದು ಸಾಲು ಕಡಬ. ಒಂದೊಂದು ಗುಳಿ ಒಂದೊಂದು ತಾಯಿ. ಯಾವ ಗಂಡು ಎಲ್ಲಿಗೆ ಹೋಯಿತು, ಅದರ ಮರಿ ಎಲ್ಲಿಗೆ ಬಂತು ಎಂದು ನೆನಪು ಮಾಡಿಕೊಂಡು ಮಂಜೊಟ್ಟಿ ಕಾಯಿಗಳನ್ನು ಒಂದು ಗುಳಿಯಿಂದ ತೆಗೆದು ಇನ್ನೊಂದಕ್ಕೆ ಹಾಕುತ್ತಿದ್ದಳು. ಬಹಳ ಹೊತ್ತು ಹಾಗೇ ಮಾಡಿದಳು.

"ಬಾವ, ಇಲ್ಲಿ ನೋಡಿ" ಎಂದಳು ಕೊನೆಗೆ. "ಎಷ್ಟು ಸುತ್ತಿದರೂ ಅದೇ ಕಾಯಿ. ಹೊರಗಿಂದ ಒಂದೂ ಬರಲಿಲ್ಲ."

"ಬರಿ ಬೇರೆ ಉಂಟಲ್ಲ."

"ಬರಿ ಬೇರೆ ಉಂಟು. ಎಲ್ಲ ಮಾವನ ಮಗಳೇ."

ಕಾಯಿಗಳನ್ನು ಒಟ್ಟು ಮಾಡಿ ಬಟ್ಟೆಯಲ್ಲಿ ಕಟ್ಟಿದಳು. ಮಣೆಯನ್ನು ಅಟ್ಟಕ್ಕೆ ಇಡಲು ನನ್ನ ಕೈಗೆ ಕೊಟ್ಟಳು.

ನಮಗೆ ಎರಡು ಮಕ್ಕಳಾಗಿದ್ದವು. ಒಂದು ಹೆಸರಿಡುವ ಮೊದಲೇ ಹೋಯಿತು. ಇನ್ನೊಂದು ಹೆಣ್ಣು, ಕವುಚಿ ಬೀಳಲು ಕಲಿತಿತ್ತು, ಅಷ್ಟರಲ್ಲೇ ಹೋಯಿತು. ಯಾವ ಡಾಕ್ಟರೂ ನಮಗೆ ಏನೂ ಹೇಳಿರಲಿಲ್ಲ. ಮಾವನ ಮಗಳನ್ನು ಮದುವೆಯಾದವರು ಊರಿಡೀ ಇದ್ದಾರೆ, ಅವರ ಮನೆಗಳಲ್ಲಿ ಮಕ್ಕಳು ಓಡಾಡಿಕೊಂಡೇ ಇವೆ. ಆ ಸಂಜೆ ಅವಳು ಮಕ್ಕಳ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ. ಆದರೆ ಅವತ್ತಿನಿಂದ ಹೊರಗಿನ ಗಂಡು ತರಲೇಬೇಕು ಎಂದು ಅವಳು ಹಠ ಹಿಡಿದಳು. ನಮ್ಮ ಮಂದೆಯಲ್ಲಿ ಒಂದಾದರೂ ಗಟ್ಟಿ ಮರಿ ಎದ್ದು ಓಡುವುದನ್ನು ನೋಡಬೇಕು ಎಂದಳು. ಅವಳು ಅಷ್ಟು ಒತ್ತಿ ಏನನ್ನಾದರೂ ಕೇಳಿದ್ದು ನಾನು ಬೇರೆ ನೋಡಿಲ್ಲ.

ಸುಳ್ಯದ ಕಡೆ ಐವರ್ನಾಡಿನಲ್ಲಿ ಒಬ್ಬ ಗೌಡರು ತಮ್ಮ ಮನೆಯ ಹಿಂದೆ ನಾಲ್ಕೈದು ಜಿಂಕೆ ಸಾಕಿದ್ದರು. ಘಟ್ಟದ ಬುಡದಲ್ಲಿ ಸಿಕ್ಕಿದ ಮರಿಗಳಿಂದ ಬೆಳೆಸಿದ್ದು. ಅವಕ್ಕೂ ನಮ್ಮವಕ್ಕೂ ಯಾವ ಸಂಬಂಧವೂ ಇರಲಿಲ್ಲ. ನಾವಿಬ್ಬರೂ ಬಸ್ಸಿನಲ್ಲಿ ಬೆಳ್ಳಾರೆಯ ಮೇಲೆ ಹೋದೆವು. ಗೌಡರು ಬಾಯಿ ತುಂಬ ಮಾತಾಡುವವರು. ನಾವು ಬಂದ ಕಾರಣ ಕೇಳಿ ತೊಡೆ ತಟ್ಟಿ ನಕ್ಕರು.

"ನಿಮ್ಮ ಜಿಂಕೆಗೆ ಅಪ್ಪ ಇಲ್ವಾ ಅಕ್ಕ?"

"ಅಪ್ಪ ಉಂಟು ಗೌಡ್ರೇ. ಊಟದ ಹೊತ್ತಿಗೆ ಬಂದು ಹೋಗ್ತಾನೆ, ಅಷ್ಟೇ."

"ನಮ್ಮಲ್ಲಿ ಹಾಗಲ್ಲ. ನಿಮಗೆ ಬರಿ ಇದ್ದ ಹಾಗೆ ನಮಗೆ ಬಳಿ, ಅದು ಅಪ್ಪಂದು. ಅಪ್ಪನ ಬಳಿಯೇ ಮಕ್ಕಳಿಗೆ. ಅಜ್ಜ, ಮುತ್ತಜ್ಜ, ಎಲ್ಲ ಲೆಕ್ಕ ಉಂಟು."

"ಹಾಗಾದ್ರೆ ಈ ಗಂಡಿನ ತಾಯಿ ಯಾವುದು ಹೇಳಿ ನೋಡುವ."

ಗೌಡರು ತಲೆ ಕೆರೆದುಕೊಂಡರು. ಬೇಲಿಯತ್ತ ನೋಡಿದರು. "ತಾಯಿ ಅಲ್ಲೇ ಎಲ್ಲೋ ಇರಬೇಕು ಮಾರಾಯ್ರೆ" ಎಂದು ನನ್ನ ಕಡೆ ತಿರುಗಿದರು. ಅವಳು ಸೆರಗು ಬಾಯಿಗಿಟ್ಟು ನಕ್ಕಳು. ಗೌಡರ ಹೆಂಡತಿ ಒಳಗಿನಿಂದಲೇ, "ಇವರಿಗೆ ದನದ ತಾಯಿಯೂ ಗೊತ್ತಿಲ್ಲ, ಹಾಲು ಬಂದರಾಯ್ತು" ಎಂದರು.

ಅವತ್ತೇ ಮಾತು ಮುಗಿಯಿತು. ಅವರ ಮೂರು ವರ್ಷದ ಗಂಡು ನಮಗೆ. ನಮ್ಮಲ್ಲಿ ಗಟ್ಟಿ ಹೆಣ್ಣು ಮರಿ ಹುಟ್ಟಿದರೆ ಒಂದು ಅವರಿಗೆ. ಇನ್ನು ಮುಂದೆ ಅವರು ಅಪ್ಪನ ಲೆಕ್ಕ ಇಡುವುದು, ಇವಳು ತಾಯಿಯ ಲೆಕ್ಕ ಇಡುವುದು, ಎರಡನ್ನೂ ಸೇರಿಸಿ ಜೋಡಿ ಮಾಡುವುದು. "ಅಕ್ಕನ ಬರಿ, ನನ್ನ ಬಳಿ" ಎಂದರು ಗೌಡರು. ಗಂಡಿನ ಕೊಂಬು ಉದುರಿದ ಕೂಡಲೇ ಹೇಳಿ ಕಳಿಸುತ್ತೇನೆ ಎಂದರು.

ದೊಡ್ಡ ಬೇಲಿಯಲ್ಲಿ ನಮ್ಮ ಎರಡು ಗಂಡುಗಳಿದ್ದವು. ಹೊಸದನ್ನು ಅಲ್ಲೇ ಬಿಟ್ಟರೆ ಹೊಡೆದಾಟ, ಅಪ್ಪ ಯಾರೆಂದೂ ತಿಳಿಯುವುದಿಲ್ಲ. ಅದಕ್ಕಾಗಿ ಬದಿಯಲ್ಲಿ ಸಣ್ಣ ಬೇಲಿ ಹಾಕಿದೆವು. ಅಲ್ಲಿ ಹಿಡಿಯುವುದು ಹೊಸ ಗಂಡು ಮತ್ತು ಮೂರು ಹೆಣ್ಣು. ಮೂರು ಬರಿಯಿಂದ ಒಂದೊಂದು ಇದ್ದರೆ ಯಾವ ತಾಯಿಯ ಸಂತಾನವೂ ಬಿಟ್ಟುಹೋಗುವುದಿಲ್ಲ ಎಂಬುದು ಅವಳ ಲೆಕ್ಕ. ಆ ಮೂರನ್ನೇ ಅವಳು ಆ ಸೋಮವಾರ ಆಯ್ದು ಇಟ್ಟದ್ದು.

ಆ ರಾತ್ರಿ ಅವಳಿಗೆ ಜ್ವರ ಬಂತು. ಬೆಳಿಗ್ಗೆ ಹೊತ್ತಿಗೆ ಮೈ ಮುಟ್ಟಲಾಗದಷ್ಟು ಬಿಸಿ, ಮಾತು ತೊದಲುತ್ತಿತ್ತು. ಅಷ್ಟರಲ್ಲಿ ಧಣಿಗಳು ಗೊತ್ತುಮಾಡಿದ್ದ ಲಾರಿ ಐವರ್ನಾಡಿಗೆ ಹೋಗಲು ಬಂದು ನಿಂತಿತು, ಹಿಂದೆ ಖಾಲಿ ಪೆಟ್ಟಿಗೆ ಕಟ್ಟಿಕೊಂಡು. ಲಾರಿ ಓಡಿಸುವ ಬ್ಯಾರಿಗಳು ಇಳಿದು ಬಂದು ಅವಳನ್ನು ನೋಡಿದರು. "ಜಿಂಕೆ ಅಲ್ಲೇ ಇರ್ತದೆ ಮಾರಾಯ್ರೆ. ಮೊದಲು ಇವರನ್ನು ಹತ್ತಿಸಿ" ಎಂದರು. ಪೆಟ್ಟಿಗೆ ಇಳಿಸುವಷ್ಟು ಹೊತ್ತು ಇರಲಿಲ್ಲ. ಅದರ ಬದಿಯಲ್ಲಿ ಬೈಹುಲ್ಲು ಹಾಸಿ, ಚಾಪೆ ಹಾಕಿ, ಅವಳ ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಪುತ್ತೂರಿಗೆ ಹೋದೆವು. ದಾರಿಯಲ್ಲಿ ಅವಳು ಒಮ್ಮೆ ಕಣ್ಣು ಬಿಟ್ಟು ಪೆಟ್ಟಿಗೆಯನ್ನು ನೋಡಿದಳು. ಗಂಡು ಬಂತಾ ಎಂದು ಕೇಳಿದಳು. ಬಂತು ಎಂದೆ.

ಆಸ್ಪತ್ರೆಯಲ್ಲಿ ಮಾಡಬೇಕಾದದ್ದನ್ನು ಮಾಡಿದರು. ಮಾರನೆಯ ದಿನ ಅವಳಿಗೆ ಪ್ರಜ್ಞೆ ಇರಲಿಲ್ಲ. ಅದರ ಮರುದಿನ ಮಧ್ಯಾಹ್ನ ತೀರಿಕೊಂಡಳು. ಬ್ಯಾರಿಗಳು ಅದೇ ಲಾರಿಯಲ್ಲಿ ಮನೆಗೆ ತಂದು ಬಿಟ್ಟರು. ಆಗ ಪೆಟ್ಟಿಗೆ ಇರಲಿಲ್ಲ. ಅವರೇ ಎಲ್ಲೋ ಇಳಿಸಿ, ಲಾರಿ ತೊಳೆದು ತಂದಿದ್ದರು.

ಉತ್ತರಕ್ರಿಯೆಯ ಬೊಜ್ಜದ ದಿನ ಧಣಿಗಳು ಬಂದರು. ಹೊಸ ಗಂಡಿನ ವಿಷಯ ಈ ವರ್ಷ ಬಿಡೋಣ ಎಂದರು. ನಾನು ತಲೆ ಆಡಿಸಿದೆ. ಆಗ ನನಗೆ ಯಾವುದೂ ಬೇಕಿರಲಿಲ್ಲ. ಆದರೆ ಅದರ ಮರುದಿನವೇ ಗೌಡರು ಗಂಡನ್ನು ಪೆಟ್ಟಿಗೆಗೆ ತುಂಬಿಸಿಕೊಂಡು ಬ್ಯಾರಿಗಳ ಲಾರಿಯಲ್ಲಿ ತಾವೇ ಬಂದರು. ಕೊಂಬಿನ ಬುಡದಲ್ಲಿ ಹೊಸ ಮೊಳಕೆ ಕಾಣಿಸಿಕೊಂಡಿತ್ತು. ಇನ್ನೂ ತಡ ಮಾಡಿದರೆ ಈ ವರ್ಷ ಆಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಅಂಗಳದಲ್ಲಿ ನಿಂತು ತಲೆಯ ಮೇಲಿನ ಹಾಳೆಯ ಮುಟ್ಟಾಳೆ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಅಕ್ಕನಿಗೆ ಕೊಡ್ತೇನೆ ಅಂತ ಹೇಳಿದ್ದೆ" ಎಂದರು. "ಹೇಳಿದ ಮೇಲೆ ಕೊಡದೆ ಇರ್ಲಿಕ್ಕೆ ಆಗ್ತದಾ?"

ಗಂಡನ್ನು ಸಣ್ಣ ಬೇಲಿಗೆ ಬಿಟ್ಟೆವು. ಅದು ಒಂದು ಮೂಲೆಗೆ ಹೋಗಿ ನಿಂತಿತು. ಇನ್ನು ಹೆಣ್ಣುಗಳು. ನಾವಿಬ್ಬರೂ ದೊಡ್ಡ ಬೇಲಿಯ ಹೊರಗೆ ನಿಂತು ನೋಡಿದೆವು.

"ಅಕ್ಕ ಯಾವುದನ್ನು ಹೇಳಿದ್ದು?"

"ನೀರಿನ ಹತ್ತಿರ ಇದ್ದದ್ದು ಒಂದು. ಅದರ ಹಿಂದಿನದ್ದು ಒಂದು. ಮೂರನೆಯದ್ದು ಹೇಳಲಿಲ್ಲ."

ತೊಟ್ಟಿಯ ಹತ್ತಿರ ಆಗ ಐದಾರು ಹೆಣ್ಣು ಜಿಂಕೆಗಳಿದ್ದವು. ಅವೆಲ್ಲ ನೀರು ಕುಡಿಯಲು ಬರುವವೇ. ನಾನು ಒಂದೊಂದರ ಮುಖ ನೋಡಿದೆ. ತಾಯಿದೇ ಮುಖ ಎಂದು ಅವಳು ಹೇಳುತ್ತಿದ್ದಳಲ್ಲ, ಹಾಗೆ ಯಾವುದಾದರೂ ಹೊಳೆಯಬಹುದು ಎಂದು. ಮೊದಲ ಮೂರು ತಾಯಂದಿರಲ್ಲಿ ಎರಡು ಆಗಲೇ ಸತ್ತಿದ್ದವು. ಅವುಗಳ ಮುಖ ಹೇಗಿತ್ತು ಎಂಬುದೇ ನನಗೆ ನೆನಪಿಲ್ಲ. ಗೌಡರು ಅವಸರ ಮಾಡಲಿಲ್ಲ. ಕೊನೆಗೆ ಗಟ್ಟಿಯಾಗಿ ಕಂಡ ಮೂರನ್ನು ಹಿಡಿದು ದಾಟಿಸಿದೆವು. ಒಂದರ ಎಡಕಿವಿ ಹರಿದಿತ್ತು, ಅದು ಗುರುತಿಗೆ ಆಯಿತು. ಉಳಿದ ಎರಡರ ಕಿವಿಗೂ ನಾನು ಸಣ್ಣ ಕಚ್ಚು ಹಾಕಿದೆ. ಅವಳು ಇದ್ದಿದ್ದರೆ ಬಿಡುತ್ತಿರಲಿಲ್ಲ.

ಮಳೆಗಾಲ ಹೋಗಿ ಚಳಿ ಬಂತು. ಹರಿದ ಕಿವಿಯದ್ದು ಮೊದಲು ಈಯಿತು. ಬೆಳಿಗ್ಗೆ ಎಲೆ ಹಾಕಲು ಹೋದಾಗ ಮರಿ ಆಗಲೇ ಎದ್ದು ನಿಂತಿತ್ತು. ನಾನು ಹೆಡಿಗೆ ಇಟ್ಟದ್ದೇ ಹಾರಿ ತಾಯಿಯ ಆಚೆಗೆ ಹೋಯಿತು. ಹೆಣ್ಣು ಮರಿ. ಆ ತಿಂಗಳಲ್ಲೇ ಉಳಿದ ಎರಡೂ ಈದವು. ಮೂರು ಮರಿಗಳೂ ಬದುಕಿದವು, ಮೂರೂ ಓಡಿದವು. ದೊಡ್ಡ ಬೇಲಿಯಲ್ಲಿ ಆ ವರ್ಷ ಹುಟ್ಟಿದ್ದರಲ್ಲಿ ಒಂದೇ ಉಳಿದದ್ದು.

ಗೌಡರಿಗೆ ಹೇಳಿ ಕಳಿಸಿದೆ. ಬಂದು ನೋಡಿ ಅವರಿಗೆ ಬಹಳ ಖುಷಿಯಾಯಿತು. "ಮೂರೂ ನಮ್ಮ ಬಳಿ" ಎಂದರು. "ಅಪ್ಪನ ಲೆಕ್ಕ ಪಕ್ಕಾ ಉಂಟು. ತಾಯಿ ಕಡೆದು ಎಂತ ಬರಿ?"

"ಗೊತ್ತಿಲ್ಲ."

ಗೌಡರು ಸ್ವಲ್ಪ ಯೋಚಿಸಿದರು. "ಹಾಗಾದ್ರೆ ಮೂರಕ್ಕೂ ಅಕ್ಕನ ಬರಿಯೇ ಇಟ್ಟುಬಿಡಿ."

"ಎಲ್ಲ ಒಂದೇ ಬರಿ ಆದ್ರೆ ಮದುವೆ ಯಾರ ಹತ್ತಿರ ಮಾಡುದು ಗೌಡ್ರೇ?"

ಅವರು ನಕ್ಕರು. ನಾನೂ ನಕ್ಕೆ. ಅವಳು ಹೋದ ಮೇಲೆ ನಾನು ನಕ್ಕದ್ದು ಆಗಲೇ ಇರಬೇಕು. ಅವಳಿಗೆ ಅಕ್ಕ ತಂಗಿಯರಿರಲಿಲ್ಲ. ನಮ್ಮ ಮಗಳು ಉಳಿದಿದ್ದರೆ ಆ ಬರಿ ಮುಂದೆ ಹೋಗುತ್ತಿತ್ತು.

ಮುಂದಿನ ವರ್ಷಗಳಲ್ಲಿ ಹೊಸ ಗಂಡಿನ ಮಕ್ಕಳನ್ನು ಕಡಬಕ್ಕೂ ಕಳಿಸಿದೆವು. ಮಾತಿನಂತೆ ಹರಿದ ಕಿವಿಯದರ ಮಗಳನ್ನು ಗೌಡರಿಗೆ ಕೊಡುವುದೆಂದಾಯಿತು. ಇಲ್ಲಿಂದ ಹೊರಡುವಾಗ ಪೆಟ್ಟಿಗೆಗೆ ಮಲ್ಲಿಗೆ ಸಿಕ್ಕಿಸಬೇಕು ಎಂದು ಬ್ಯಾರಿಗಳೇ ನೆನಪಿಸಿದರು. ಧಣಿಗಳು ಆಮೇಲೆ ಮರಿ ಹುಟ್ಟಿದಾಗಲೆಲ್ಲ ಕೇಳುತ್ತಿದ್ದರು, ಅಪ್ಪ ಯಾವುದು, ತಾಯಿ ಯಾವುದು ಎಂದು. ಕಿವಿಯ ಕಚ್ಚು ನೋಡಿ ನಾನು ಎರಡನ್ನೂ ಹೇಳುತ್ತಿದ್ದೆ.

ಅವಳು ಆಯ್ದ ಮೂರು ಯಾವುವು ಎಂದು ನನಗೆ ಗೊತ್ತಾಗಲಿಲ್ಲ. ನಾವು ದಾಟಿಸಿದ ಮೂರು ಒಂದೇ ಬರಿಯವೋ, ಬೇರೆ ಬೇರೆಯೋ, ಅದೂ ಗೊತ್ತಿಲ್ಲ. ಆಮೇಲಿನ ಮರಿಗಳ ತಾಯಿ ಯಾರೆಂದು ಗೊತ್ತು. ಆ ತಾಯಂದಿರ ತಾಯಿ ಯಾರೆಂದು ಹೇಳುವವರು ಇಲ್ಲ.